ತಟ್ಟೆಯಲ್ಲಿ ಎಷ್ಟು ಉಳಿಯುತ್ತಿತ್ತು? ಐಸಿಯು ರೋಗಿಗಳ ವಿಟಮಿನ್ ಕೊರತೆ ಹುಡುಕುವ ಬಗೆ

ನಾನು ಐಸಿಯುನಲ್ಲಿ ಡಯಟಿಷಿಯನ್. ಬೆಳಗಿನ ರೌಂಡ್ಸ್‌ನಲ್ಲಿ ವೆಂಟಿಲೇಟರ್, ಬಿಪಿ, ಕಿಡ್ನಿ, ಕಲ್ಚರ್ ರಿಪೋರ್ಟ್ ಎಲ್ಲ ಮುಗಿದ ಮೇಲೆ ನನ್ನ ಕಡೆ ತಿರುಗುತ್ತಾರೆ. ಕ್ಯಾಲೊರಿ ಎಷ್ಟು, ಪ್ರೋಟೀನ್ ಎಷ್ಟು ಎಂದು ಹೇಳಿದರೆ ಸಾಮಾನ್ಯವಾಗಿ ಮಾತು ಅಲ್ಲಿಗೆ ಮುಗಿಯುತ್ತದೆ. ವಿಟಮಿನ್ ಪ್ರಸ್ತಾಪ ಬಂದರೆ "ರಕ್ತದಲ್ಲಿ ಎಷ್ಟಿದೆ ಅಂತ ಲೆವೆಲ್ ಕಳಿಸೋಣ, ರಿಪೋರ್ಟ್ ಬಂದ ಮೇಲೆ ನೋಡೋಣ" ಅನ್ನುವುದು ರೂಢಿ. ಇಷ್ಟು ವರ್ಷದ ಕೆಲಸದಲ್ಲಿ ನನಗೆ ಚೆನ್ನಾಗಿ ಮನದಟ್ಟಾಗಿರುವುದು ಏನೆಂದರೆ, ಆ ರಿಪೋರ್ಟಿಗೆ ಕಾಯುತ್ತ ಕೂರಬಾರದು. ಕೊರತೆಯ ಸುಳಿವು ಬಹಳ ಸಲ ಮನೆಯವರ ಮಾತಿನಲ್ಲಿ, ಇಲ್ಲವೇ ಹಾಸಿಗೆ ಪಕ್ಕದ ಫೀಡ್ (ಟ್ಯೂಬಿನಿಂದ ಕೊಡುವ ದ್ರವ ಆಹಾರ) ಚಾರ್ಟ್‌ನಲ್ಲಿ ಮೊದಲೇ ಇರುತ್ತದೆ.

ಎಲ್ಲಕ್ಕಿಂತ ಅವಸರದ್ದು ಥಯಮಿನ್, ಅಂದರೆ ಬಿ1. ದೇಹದಲ್ಲಿ ಅದರ ದಾಸ್ತಾನು ಸುಮಾರು 25ರಿಂದ 30 ಮಿಲಿಗ್ರಾಂ ಅಷ್ಟೇ. ಆಹಾರದಿಂದ ಬರುವುದು ನಿಂತರೆ ಎರಡು ಮೂರು ವಾರದಲ್ಲಿ ಬರಿದಾಗುತ್ತದೆ. ಐಸಿಯು ಸೇರುವವರಲ್ಲಿ ಹಲವರು ಈ ಎರಡು ಮೂರು ವಾರವನ್ನು ಮನೆಯಲ್ಲೇ ಕಳೆದು ಬಂದಿರುತ್ತಾರೆ. ಬಿಡದ ವಾಂತಿ, ಕ್ಯಾನ್ಸರ್, ಕುಡಿತ, ತೂಕ ಇಳಿಸುವ ಶಸ್ತ್ರಚಿಕಿತ್ಸೆ, ಅಥವಾ ವಯಸ್ಸಾದವರಲ್ಲಿ ಸುಮ್ಮನೆ ಹಸಿವೇ ಇಲ್ಲದಿರುವುದು. ಇಲ್ಲಿಗೆ ಬಂದ ಮೇಲೆ ನಾವು ಕೊಡುವ, ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್ ಔಷಧ ಮೂತ್ರದ ಜೊತೆ ಇನ್ನಷ್ಟು ಥಯಮಿನ್ ಹೊರಹಾಕಿಸುತ್ತದೆ. ದಿನವಿಡೀ ನಡೆಯುವ ಡಯಾಲಿಸಿಸ್ ನೀರಿನಲ್ಲಿ ಕರಗುವ ವಿಟಮಿನ್‌ಗಳನ್ನೆಲ್ಲ ಸೋಸಿ ತೆಗೆಯುತ್ತದೆ. ಜ್ವರ, ನಂಜು ಇದ್ದಾಗ ದೇಹದ ಖರ್ಚೂ ಹೆಚ್ಚು.

ಥಯಮಿನ್ ಇಲ್ಲದಿದ್ದರೆ ಸಕ್ಕರೆ ಒಡೆದು ಬರುವ ಪೈರುವೇಟ್ ಜೀವಕೋಶದ ಶಕ್ತಿಕೇಂದ್ರದಲ್ಲಿ ಉರಿಯಲಾರದೆ ಲ್ಯಾಕ್ಟೇಟ್ ಎಂಬ ವಸ್ತುವಾಗಿಬಿಡುತ್ತದೆ. ಹಾಗಾಗಿ ಆಮ್ಲಜನಕ ಸಾಕಷ್ಟಿದ್ದರೂ ರಕ್ತದಲ್ಲಿ ಲ್ಯಾಕ್ಟೇಟ್ ಏರುತ್ತದೆ. ಜೊತೆಗೆ ಹೃದಯ ಸೋಲಬಹುದು, ಮಿದುಳಿಗೆ ಪೆಟ್ಟಾಗಬಹುದು. ಮಿದುಳಿನ ತೊಂದರೆಗೆ ಗೊಂದಲ, ಕಣ್ಣಿನ ಚಲನೆಯ ದೋಷ, ನಡಿಗೆಯಲ್ಲಿ ತಡವರಿಕೆ ಎಂಬ ಮೂರು ಲಕ್ಷಣಗಳನ್ನು ಪಠ್ಯಪುಸ್ತಕ ಹೇಳುತ್ತದೆ. ನಿದ್ರೆ ಔಷಧದಲ್ಲಿ ವೆಂಟಿಲೇಟರ್ ಮೇಲೆ ಮಲಗಿರುವವರಲ್ಲಿ ಈ ಮೂರರಲ್ಲಿ ಯಾವುದನ್ನು ನೋಡುತ್ತೀರಿ? ಅವರು ಮಾತಾಡುವುದಿಲ್ಲ, ಕಣ್ಣು ತಿರುಗಿಸುವುದಿಲ್ಲ, ನಡೆಯುವ ಮಾತಂತೂ ಇಲ್ಲವೇ ಇಲ್ಲ. ಲಕ್ಷಣ ಕಂಡ ಮೇಲೆ ಚಿಕಿತ್ಸೆ ಅಂತ ಕೂತರೆ ಆಗುವುದಿಲ್ಲ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಹಾಗಾಗಿ ಮನೆಯವರನ್ನು ಕೇಳುವುದೇ ನನ್ನ ಮೊದಲ ಕೆಲಸ. ಕೇಳುವ ರೀತಿಯಲ್ಲೇ ಎಲ್ಲ ಇದೆ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿದ್ದ ಒಬ್ಬ ಹಿರಿಯರ ಮಗಳನ್ನು "ಅಪ್ಪ ಊಟ ಹೇಗೆ ಮಾಡ್ತಿದ್ರಮ್ಮಾ?" ಎಂದು ಕೇಳಿದ್ದೆ. "ಚೆನ್ನಾಗೇ ಮಾಡ್ತಿದ್ರು ಮೇಡಂ" ಎಂದರು. ಅಪ್ಪನನ್ನು ಸರಿಯಾಗಿ ನೋಡಿಕೊಂಡಿಲ್ಲ ಎಂದು ಯಾರಾದರೂ ಅಂದುಕೊಂಡಾರು ಅನ್ನುವ ಅಳುಕು ಆ ಉತ್ತರದಲ್ಲಿ ಇರುತ್ತದೆ. "ಬಡಿಸಿದ್ದರಲ್ಲಿ ತಟ್ಟೆಯಲ್ಲಿ ಎಷ್ಟು ಉಳೀತಿತ್ತು?" ಅಂದೆ. ಸ್ವಲ್ಪ ಹೊತ್ತು ಯೋಚಿಸಿ, "ಅರ್ಧಕ್ಕಿಂತ ಜಾಸ್ತಿ ಬಿಟ್ಟೇಳ್ತಿದ್ರು... ಒಂದು ತಿಂಗಳಿಂದ ಹಾಗೇ. ಉಂಗುರ ಕೂಡ ಬೆರಳಲ್ಲಿ ನಿಲ್ತಿರ್ಲಿಲ್ಲ" ಎಂದರು. ಆ ಹೊತ್ತಿಗೆ ಅವರ ಬಿಪಿ ಹದಕ್ಕೆ ಬಂದಿತ್ತು, ಕೈಕಾಲು ಬೆಚ್ಚಗಿದ್ದವು, ಸ್ಕ್ಯಾನ್‌ನಲ್ಲಿ ಕರುಳು ಸರಿಯಾಗಿಯೇ ಕಂಡಿತ್ತು. ಆದರೂ 2ಕ್ಕಿಂತ ಕೆಳಗಿರಬೇಕಾದ ಲ್ಯಾಕ್ಟೇಟ್ 5ರ ಆಸುಪಾಸಿನಲ್ಲೇ ನಿಂತಿತ್ತು. ಮಗಳು ಹೇಳಿದ್ದನ್ನು ನಮ್ಮ ಡಾಕ್ಟರಿಗೆ ಹೇಳಿದೆ. ಅವರು ಆಗಲೇ 200 ಮಿಲಿಗ್ರಾಂ ಥಯಮಿನ್ ರಕ್ತನಾಳಕ್ಕೆ ಕೊಡಲು ಬರೆದರು, ದಿನಕ್ಕೆ ಎರಡು ಸಲ. ಮರುದಿನ ಲ್ಯಾಕ್ಟೇಟ್ ಇಳಿಮುಖವಾಗಿತ್ತು.

ಒಬ್ಬರಲ್ಲಿ ಹೀಗಾಯಿತೆಂದು ಎಲ್ಲ ಲ್ಯಾಕ್ಟೇಟಿಗೂ ಥಯಮಿನ್ನೇ ಮದ್ದು ಎನ್ನಲಾಗದು. 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ನಂಜಿನಿಂದ ಬಿಪಿ ಕುಸಿದವರಿಗೆ ಇದೇ ಪ್ರಮಾಣದಲ್ಲಿ ಕೊಟ್ಟು ನೋಡಿದ್ದರು. ಒಟ್ಟಾರೆ ಗುಂಪಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಕೊರತೆ ಇದ್ದ ಸುಮಾರು ಮೂರನೇ ಒಂದು ಪಾಲು ಜನರಲ್ಲಿ ಮಾತ್ರ 24 ಗಂಟೆಯ ಲ್ಯಾಕ್ಟೇಟ್ ಕಡಿಮೆ ಇತ್ತು. ಯಾರಿಗೆ ಕೊರತೆ ಇರಬಹುದು ಎಂದು ಊಹಿಸುವುದಕ್ಕೇ ತಟ್ಟೆಯ ಪ್ರಶ್ನೆ ಬೇಕಾಗುವುದು.

ಇನ್ನೊಂದು ವಿಷಯ, ಯಾವುದು ಮೊದಲು ಅನ್ನುವುದು. ಉಪವಾಸ ಬಿದ್ದ ದೇಹಕ್ಕೆ ಡೆಕ್ಸ್ಟ್ರೋಸ್ ಡ್ರಿಪ್ ಅಥವಾ ಪೂರ್ತಿ ಫೀಡ್ ಏಕಾಏಕಿ ಕೊಟ್ಟರೆ, ಸಕ್ಕರೆಯನ್ನು ಉರಿಸಲು ಉಳಿದಿದ್ದ ಚೂರುಪಾರು ಥಯಮಿನ್ ಕೂಡ ಖರ್ಚಾಗುತ್ತದೆ. ಅದೇ ಹೊತ್ತಿಗೆ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಮೂರೂ ಕುಸಿಯುತ್ತವೆ. ಇಂಥ ಅಪಾಯ ಇರುವವರಿಗೆ ಅಮೆರಿಕದ ಪೋಷಣೆ ತಜ್ಞರ ಸಂಸ್ಥೆ ಆಸ್ಪೆನ್‌ನ 2020ರ ಶಿಫಾರಸು ಸರಳವಾಗಿದೆ: ಫೀಡ್‌ಗಿಂತ, ಡೆಕ್ಸ್ಟ್ರೋಸ್‌ಗಿಂತ ಮುಂಚೆ 100 ಮಿಲಿಗ್ರಾಂ ಥಯಮಿನ್, ಆಮೇಲೆ ಐದರಿಂದ ಏಳು ದಿನ ಅಥವಾ ಇನ್ನೂ ಹೆಚ್ಚು ದಿನ ಅಷ್ಟೇ ಪ್ರಮಾಣ. ಆರ್ಡರ್ ಬರೆಸುವಾಗ "ಫೀಡ್ ಶುರು ಮಾಡುವ ಮೊದಲು" ಎಂಬ ಮಾತನ್ನೂ ಸೇರಿಸಿ ಬರೆಸುತ್ತೇನೆ. ಇಲ್ಲವಾದರೆ ಇಂಜೆಕ್ಷನ್ ಮಧ್ಯಾಹ್ನದ ಔಷಧಗಳ ಜೊತೆ ಸೇರಿ, ಫೀಡ್ ಬೆಳಿಗ್ಗೆಯೇ ಓಡುತ್ತಿರುತ್ತದೆ. ಮೆಗ್ನೀಸಿಯಂ ಕಡಿಮೆ ಇದ್ದರೆ ಕೊಟ್ಟ ಥಯಮಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದನ್ನೂ ಜೊತೆಗೇ ಸರಿಪಡಿಸಬೇಕು.

ಕರುಳು ಕೆಲಸ ಮಾಡದವರಿಗೆ ರಕ್ತನಾಳದ ಮೂಲಕ ಪೂರ್ತಿ ಆಹಾರ ಕೊಡುತ್ತೇವಲ್ಲ, ಆ ಮೂರು ಕೋಣೆಯ ಸಿದ್ಧ ಚೀಲದ ಬಗ್ಗೆ ಹೊಸದಾಗಿ ಸೇರುವ ಎಲ್ಲರಿಗೂ ಹೇಳುತ್ತೇನೆ. ಒಂದರಲ್ಲಿ ಗ್ಲೂಕೋಸ್, ಒಂದರಲ್ಲಿ ಅಮೈನೋ ಆಮ್ಲ, ಒಂದರಲ್ಲಿ ಕೊಬ್ಬು. ಮೂರನ್ನೂ ಬೆರೆಸಿದರೆ ಹಾಲಿನಂತೆ ಬೆಳ್ಳಗಾಗುತ್ತದೆ, ನೋಡಲು ಸಂಪೂರ್ಣ ಆಹಾರದಂತೆಯೇ ಕಾಣುತ್ತದೆ. ಆದರೆ ಬಿ1, ಸಿ ಮುಂತಾದ ವಿಟಮಿನ್‌ಗಳ ದಿನದ ಪ್ರಮಾಣ ಅದರಲ್ಲಿ ಇರುವುದಿಲ್ಲ, ಮಲ್ಟಿವಿಟಮಿನ್ ಬೇರೆಯಾಗಿ ಸೇರಿಸಬೇಕು. ಸೇರಿಸಿದ ಮೇಲೆ ಅದರಲ್ಲಿರುವ ಬಿ2, ಅಂದರೆ ರೈಬೋಫ್ಲೇವಿನ್‌ನಿಂದ ಚೀಲಕ್ಕೆ ತೆಳು ಹಳದಿ ಬಣ್ಣ ಬರುತ್ತದೆ. ನೇತು ಹಾಕಿದ ಚೀಲ ಅಚ್ಚ ಬಿಳಿಯಾಗಿ ಕಂಡರೆ ನಾನು ನಿಂತು ಸಿಸ್ಟರನ್ನು ಕೇಳುತ್ತೇನೆ. ಕೆಲವು ವಿಟಮಿನ್‌ಗಳು ಬೆಳಕಿಗೆ ಹಾಳಾಗುವುದರಿಂದ ಮೇಲೆ ಮುಸುಕು ಹಾಕಿರುತ್ತಾರೆ. ಆ ಮುಸುಕು ಎತ್ತಿ ನೋಡಲು ಸಂಕೋಚ ಬೇಡ. ಇದು ಅತಿ ಎಚ್ಚರ ಅನಿಸಿದರೆ 1997ರ ಅಮೆರಿಕದ ಘಟನೆ ನೆನೆಯಿರಿ. ಮಲ್ಟಿವಿಟಮಿನ್ ಇಂಜೆಕ್ಷನ್ ಪೂರೈಕೆ ಕುಸಿದಾಗ, ಥಯಮಿನ್ ಇಲ್ಲದ ರಕ್ತನಾಳದ ಆಹಾರ ಪಡೆದವರಲ್ಲಿ ಲ್ಯಾಕ್ಟೇಟ್ ಏರಿ ರಕ್ತ ಆಮ್ಲೀಯವಾಗುವ ತೀವ್ರ ಲ್ಯಾಕ್ಟಿಕ್ ಆಸಿಡೋಸಿಸ್ ಕಾಣಿಸಿಕೊಂಡು, ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಅದನ್ನು ವರದಿ ಮಾಡಬೇಕಾಯಿತು.

ಮೂಗಿನ ಟ್ಯೂಬಿನಿಂದ ಫೀಡ್ ಪಡೆಯುವವರ ಲೆಕ್ಕವೇ ಬೇರೆ. ದಿನಕ್ಕೆ ಸುಮಾರು 1500 ಕ್ಯಾಲೊರಿಯಷ್ಟು ಫೀಡ್ ಹೋದರೆ ದಿನದ ಮಾಮೂಲಿ ವಿಟಮಿನ್ ಅಗತ್ಯ ಪೂರೈಸುವಂತೆ ಅದನ್ನು ತಯಾರಿಸಿರುತ್ತಾರೆ. ಪೂರ್ತಿ ಹೋದರೆ ತಾನೆ? ಸ್ಕ್ಯಾನಿಗೆ ಹೋಲ್ಡ್, ಉಸಿರಾಟದ ಟ್ಯೂಬ್ ತೆಗೆಯುವ ಪ್ರಯತ್ನಕ್ಕೆ ಹೋಲ್ಡ್, ಆಪರೇಷನ್ ಥಿಯೇಟರಿಗೆ ಹೋಲ್ಡ್. ಥಿಯೇಟರ್ ಮುಂದಕ್ಕೆ ಹೋದರೂ ಫೀಡ್ ಮಾತ್ರ ನಿಂತೇ ಇರುತ್ತದೆ. ಆರ್ಡರ್ ಹಾಳೆಯಲ್ಲಿ ಬರೆದದ್ದನ್ನು ಬಿಟ್ಟು, ಗಂಟೆಗಂಟೆಗೆ ಸಿಸ್ಟರ್ ಬರೆದಿಟ್ಟ ಮಿಲಿಲೀಟರ್‌ಗಳನ್ನು ಕೂಡಿ ನೋಡಿ. ಇನ್ನೊಂದು ಲೆಕ್ಕ ಕೊಬ್ಬಿನ ದ್ರಾವಣದಲ್ಲಿ ಬರುವ ನಿದ್ರೆ ಔಷಧ ಪ್ರೊಪೊಫಾಲ್‌ನದು. ಅದರ ಪ್ರತಿ ಮಿಲಿಲೀಟರಿಗೆ 1.1 ಕ್ಯಾಲೊರಿ. ಗಂಟೆಗೆ 20 ಮಿಲಿಲೀಟರ್ ಓಡಿದರೆ ದಿನಕ್ಕೆ 500 ಕ್ಯಾಲೊರಿ ದಾಟುತ್ತದೆ. ಕ್ಯಾಲೊರಿ ಹೆಚ್ಚಾಯಿತೆಂದು ಫೀಡ್ ಇಳಿಸುತ್ತೇವೆ. ಕ್ಯಾಲೊರಿ ಸರಿಹೋಗುತ್ತದೆ, ವಿಟಮಿನ್ ಮೂರನೇ ಒಂದು ಪಾಲು ಕಡಿಮೆಯಾಗಿರುತ್ತದೆ. ಅಂಥವರಿಗೆ ಮಲ್ಟಿವಿಟಮಿನ್ ಬೇರೆಯಾಗಿ ಕೇಳುತ್ತೇನೆ.

ಲೆವೆಲ್ ಕಳಿಸುವುದೇ ಬೇಡ ಎಂದು ನನ್ನ ಅಭಿಪ್ರಾಯವಲ್ಲ. ಉರಿಯೂತ ಜೋರಾಗಿದ್ದಾಗ ಎ, ಸಿ, ಡಿ, ಬಿ6ರ ರಕ್ತದ ಮಟ್ಟ ಕೊರತೆ ಇಲ್ಲದಿದ್ದರೂ ಇಳಿಯುತ್ತದೆ. ಅದಕ್ಕೇ ಯುರೋಪಿನ ಪೋಷಣೆ ತಜ್ಞರ ಸಂಸ್ಥೆ ಎಸ್ಪೆನ್‌ನ 2022ರ ಮಾರ್ಗಸೂಚಿ, ಉರಿಯೂತ ಎಷ್ಟಿದೆ ಎಂದು ತೋರಿಸುವ ಸಿಆರ್‌ಪಿ ಪರೀಕ್ಷೆಯನ್ನೂ ಜೊತೆಗೇ ನೋಡಿ ಅರ್ಥ ಮಾಡಿಕೊಳ್ಳಿ ಎನ್ನುತ್ತದೆ. ಸಿಆರ್‌ಪಿ ಇಲ್ಲದ ವಿಟಮಿನ್ ರಿಪೋರ್ಟ್ ಹಿಡಿದು ಗಾಬರಿಯಾಗುವುದರಲ್ಲಿ ಅರ್ಥವಿಲ್ಲ.

ಮಟ್ಟ ಕಡಿಮೆ ಇದೆಯೆಂದು ಭಾರಿ ಡೋಸ್ ಸುರಿಯುವುದೂ ಸರಿಯಲ್ಲ. ನಂಜಿನ ರೋಗಿಗಳಲ್ಲಿ ವಿಟಮಿನ್ ಸಿ ನಿಜಕ್ಕೂ ತಳ ಹಿಡಿದಿರುತ್ತದೆ. ಹಾಗೆಂದು ದೊಡ್ಡ ಪ್ರಮಾಣದಲ್ಲಿ ಕೊಟ್ಟು ನೋಡಿದ ಲೋವಿಟ್ ಪ್ರಯೋಗದಲ್ಲಿ, 28ನೇ ದಿನದ ಹೊತ್ತಿಗೆ ಸಾವು ಅಥವಾ ಅಂಗಾಂಗ ವೈಫಲ್ಯ ಮುಂದುವರಿದವರು ಸಿ ಪಡೆದ ಗುಂಪಿನಲ್ಲಿ ಶೇ. 44.5, ಪಡೆಯದವರಲ್ಲಿ ಶೇ. 38.5. ಇದು 2022ರಲ್ಲಿ ಪ್ರಕಟವಾಯಿತು. ಇದರ ಜೊತೆ ಹಾಸಿಗೆ ಪಕ್ಕದ ಅಪಾಯವೂ ಒಂದಿದೆ. ರಕ್ತದಲ್ಲಿ ವಿಟಮಿನ್ ಸಿ ತುಂಬಾ ಇದ್ದರೆ ಕೆಲವು ಗ್ಲೂಕೋಮೀಟರ್‌ಗಳು ಸಕ್ಕರೆಯನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. ಅದನ್ನು ನಂಬಿ ಇನ್ಸುಲಿನ್ ಏರಿಸಿದರೆ ಸಕ್ಕರೆ ನೆಲಕಚ್ಚುತ್ತದೆ. ಅಂಥವರಿಗೆ ಲ್ಯಾಬ್‌ನ ಗ್ಲೂಕೋಸನ್ನೇ ನಂಬಬೇಕು. ವಿಟಮಿನ್ ಡಿ ಕಥೆ ಚಿಕ್ಕದು: ಕೊರತೆ ಇದ್ದವರಿಗೆ ಒಂದೇ ಸಲ 5,40,000 ಯೂನಿಟ್ ಕೊಟ್ಟ 2019ರ ವಯಲೆಟ್ ಪ್ರಯೋಗದಲ್ಲಿ 90 ದಿನದ ಸಾವು ಕಡಿಮೆಯಾಗಲಿಲ್ಲ.

ವಿಟಮಿನ್ ಕೆ ಮಾತ್ರ ಸದ್ದಿಲ್ಲದೆ ಕೈಕೊಡುವಂಥದ್ದು. ಊಟವಿಲ್ಲ, ಮೇಲೆ ದಿನಗಟ್ಟಲೆ ಆ್ಯಂಟಿಬಯೋಟಿಕ್, ಅದರಲ್ಲೂ ಸೆಫೊಪೆರಜೋನ್. ಲಿವರ್ ಸರಿಯಿದ್ದರೂ, ರಕ್ತ ಹೆಪ್ಪುಗಟ್ಟುವುದು ಎಷ್ಟು ತಡವಾಗುತ್ತಿದೆ ಎಂದು ತೋರಿಸುವ ಐಎನ್‌ಆರ್ ದಿನದಿನಕ್ಕೆ ಮೆಲ್ಲಗೆ ಏರುತ್ತದೆ. ಒಂದು ದಿನದ ಅಂಕಿ ನೋಡಿದರೆ ಏನೂ ಅನಿಸುವುದಿಲ್ಲ, ವಾರದ ಅಂಕಿಗಳನ್ನು ಸಾಲಾಗಿ ಇಟ್ಟರೆ ಗೊತ್ತಾಗುತ್ತದೆ. ವಿಟಮಿನ್ ಕೆ ಕೊಟ್ಟು ಒಂದು ದಿನದೊಳಗೆ ಐಎನ್‌ಆರ್ ಇಳಿದರೆ ಕೊರತೆ ಇತ್ತೆಂದೇ ಲೆಕ್ಕ. ಅಪರೂಪಕ್ಕೆ ತೀವ್ರ ಅಲರ್ಜಿಯಂಥ ಪ್ರತಿಕ್ರಿಯೆ ಬರುವುದರಿಂದ ರಕ್ತನಾಳಕ್ಕೆ ಕೊಡುವಾಗ ನಿಧಾನವಾಗಿ ಕೊಡಬೇಕು.

ಐಸಿಯುನಿಂದ ವಾರ್ಡಿಗೆ ಕಳಿಸುವಾಗ ಮೊದಲು ಬಿಟ್ಟುಹೋಗುವ ಆರ್ಡರ್ ವಿಟಮಿನ್‌ನದೇ. ಥಯಮಿನ್ ಎಷ್ಟನೇ ದಿನದಲ್ಲಿದೆ, ಇನ್ನೆಷ್ಟು ದಿನ ಬಾಕಿ, ರೋಗಿ ಬಾಯಲ್ಲಿ ಎಷ್ಟು ತಿನ್ನುತ್ತಿದ್ದಾರೆ ಎಂಬ ಮೂರನ್ನೂ ಟ್ರಾನ್ಸ್‌ಫರ್ ನೋಟ್‌ನ ಮೊದಲ ಪುಟದಲ್ಲಿ ಬರೆದು, ವಾರ್ಡಿನ ಡಯಟಿಷಿಯನ್‌ಗೆ ಫೋನ್ ಮಾಡಿಯೂ ತಿಳಿಸುತ್ತೇನೆ.