ಹುಡುಕಾಟವೆಂಬ ಕೈತೊಳೆತ

ಹೋದ ವರ್ಷ ಜನವರಿಯ ಒಂದು ಬೆಳಿಗ್ಗೆ, ಮೈಸೂರಿನ ನಮ್ಮ ಬಡಾವಣೆಯ ಹಾಲಿನ ಬೂತಿನ ಮುಂದೆ ನಿಂತಿದ್ದಾಗ, ಅಲ್ಲಿಯೇ ಮಲಗುತ್ತಿದ್ದ ಕಂದು ಬಣ್ಣದ ಬೀದಿನಾಯಿ ನನ್ನ ಎಡಗೈಯನ್ನು ನೆಕ್ಕಿತು. ಕಚ್ಚಲಿಲ್ಲ, ಪರಚಲಿಲ್ಲ. ಮನೆಗೆ ಬಂದು ಸೋಪು ಹಚ್ಚಿ ತೊಳೆದುಕೊಂಡೆ. ಸಂಜೆ ಬಡಾವಣೆಯ ವೈದ್ಯರು ಕೈಯನ್ನು ತಿರುಗಿಸಿ ನೋಡಿ, ಗಾಯವಿಲ್ಲ, ಲಸಿಕೆ ಬೇಕಿಲ್ಲ ಎಂದರು.

ಆ ರಾತ್ರಿ ಮೊಬೈಲು ಹಿಡಿದು ಕುಳಿತವನು ನಾಲ್ಕು ಗಂಟೆಯವರೆಗೂ ಏಳಲಿಲ್ಲ. ಗಾಯವಿಲ್ಲದ ಚರ್ಮವನ್ನು ನಾಯಿ ನೆಕ್ಕಿದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಮೊದಲನೆಯ ವರ್ಗಕ್ಕೆ ಸೇರಿಸುತ್ತದೆ, ಅದಕ್ಕೆ ಲಸಿಕೆ ಬೇಡ ಎಂದು ಓದಿದಾಗ ಎದೆ ಹಗುರವಾಯಿತು. ಐದು ನಿಮಿಷವೂ ಕಳೆದಿರಲಿಲ್ಲ, ಕಣ್ಣಿಗೆ ಕಾಣದ ಗೀರು ಇದ್ದಿದ್ದರೆ ಎಂಬ ಪ್ರಶ್ನೆ ಎದ್ದಿತು. ರೇಬೀಸ್ ಲಕ್ಷಣಗಳು ಸಾಮಾನ್ಯವಾಗಿ 2ರಿಂದ 3 ತಿಂಗಳಲ್ಲಿ ಕಾಣಿಸುತ್ತವೆ, ಆದರೆ ಅದು ಒಂದು ವಾರವೂ ಆಗಬಹುದು, ಒಂದು ವರ್ಷವೂ ಆಗಬಹುದು ಎಂದಿತ್ತು. ಆ ‘ಸಾಮಾನ್ಯವಾಗಿ’ ಎಂಬ ಒಂದು ಪದವನ್ನು ಹಿಡಿದುಕೊಂಡು, ಅರ್ಥವಾಗದ ಸಂಶೋಧನಾ ಲೇಖನಗಳನ್ನೆಲ್ಲ ತೆರೆದು, ನೋಟುಪುಸ್ತಕದಲ್ಲಿ ಗುರುತು ಹಾಕುತ್ತಾ ಹೋದೆ. ಗೀರಿದ್ದರೆ ಉರಿಯುತ್ತದೆಂದು ಕೈಗೆ ಸ್ಪಿರಿಟ್ ಸುರಿದುಕೊಂಡೆ. ಉರಿಯಲಿಲ್ಲ. ಮತ್ತೆ ಸುರಿದುಕೊಂಡೆ. ಬೆಳಗಾಗುವಷ್ಟರಲ್ಲಿ ಆ ಸ್ಪಿರಿಟ್ಟಿನಿಂದಲೇ ಚರ್ಮ ಬಿರಿದು, ಈಗ ನಿಜವಾಗಿಯೂ ಉರಿಯತೊಡಗಿತು.

ಅಮ್ಮ ಕನ್ನಡಕ ಹಾಕಿಕೊಂಡು ಟಾರ್ಚಿನ ಬೆಳಕಿನಲ್ಲಿ ನೋಡಿದಳು. “ನಾಯಿಯಿಂದ ಏನೂ ಆಗಿಲ್ಲ ಕಣೋ, ಎಷ್ಟು ಸಲ ನೋಡ್ಲಿ?” ಎಂದಳು. ದಿನಕ್ಕೆ ಹತ್ತು ಸಲವಾದರೂ ಅವಳಿಂದ ಈ ಮಾತನ್ನು ಹೇಳಿಸುತ್ತಿದ್ದೆ. ರೋಗವಿರುವ ನಾಯಿ 10 ದಿನಗಳೊಳಗೆ ಸಾಯುತ್ತದೆಂದು ಓದಿ, ದಿನವೂ ಬೂತಿಗೆ ಹೋಗಿ ಅದರ ಫೋಟೊ ತೆಗೆಯುತ್ತಿದ್ದೆ. ಹನ್ನೊಂದನೆಯ ದಿನವೂ ಅದು ಬಾಲ ಆಡಿಸುತ್ತಾ ಬಂದಾಗ, ನನ್ನನ್ನು ನೆಕ್ಕಿದ್ದು ಇದೇ ನಾಯಿಯೇ ಎಂಬ ಅನುಮಾನ ಹುಟ್ಟಿತು.

ಒಸಿಡಿ ಎಂಬ ಗೀಳಿನ ಮನೋರೋಗ ಎಂದರೆ ಮತ್ತೆ ಮತ್ತೆ ಕೈ ತೊಳೆಯುವುದು, ಬೀಗ ಎಳೆದು ನೋಡುವುದು ಎಂದೇ ನಾನೂ ತಿಳಿದಿದ್ದೆ. ಓದುವುದನ್ನು ಯಾರು ರೋಗವೆಂದಾರು? ಬೆಂಗಳೂರಿನ ಮನೋವೈದ್ಯೆ ನನ್ನ ನೋಟುಪುಸ್ತಕವನ್ನು ತಿರುವಿ ಹಾಕಿ, “ಇದೂ ಕೈ ತೊಳೆಯುವುದೇ, ನೀವು ನೀರಿನ ಬದಲು ಮಾಹಿತಿಯಿಂದ ತೊಳೀತಿದ್ದೀರಿ” ಎಂದರು. ಹುಡುಕಿದಾಗ ಸಿಗುವ ಆ ಐದು ನಿಮಿಷದ ನೆಮ್ಮದಿಯೇ ಗೀಳಿಗೆ ಗೊಬ್ಬರವಾಗಿತ್ತು. ಹುಡುಕಿದ್ದರಿಂದಲೇ ಉಳಿದೆನೆಂದು ಮನಸ್ಸು ಕಲಿತು, ಮುಂದಿನ ಸಲ ಇನ್ನೂ ಬೇಗ ಹುಡುಕು ಎನ್ನುತ್ತಿತ್ತು. ಸರ್ಟ್ರಾಲಿನ್ ಎಂಬ ಮಾತ್ರೆ ಬರೆದುಕೊಟ್ಟು, ಅದರ ಪರಿಣಾಮ ಕಾಣಲು 8ರಿಂದ 12 ವಾರ ಬೇಕಾಗಬಹುದು ಎಂದರು. ಜೊತೆಗೆ, ಭಯಕ್ಕೆ ಎದುರಾಗಿ ನಿಂತು, ಗೀಳು ಹೇಳಿದ್ದನ್ನು ಮಾಡದೇ ಇರುವ ಅಭ್ಯಾಸ. 1966ರಲ್ಲಿ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ ಪ್ರಕಟಿಸಿದ ಚಿಕಿತ್ಸೆಯಿಂದ ಬೆಳೆದುಬಂದ ಈ ವಿಧಾನವನ್ನು ಕೇಳುವಾಗ ಸರಳವೆನಿಸಿತ್ತು. ನಿಜವಾಗಿ ಕಚ್ಚಿದರೆ ಅಥವಾ ಪರಚಿದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು ತಕ್ಷಣ ಲಸಿಕೆ ಹಾಕಿಸಿಕೊಳ್ಳಲೇಬೇಕೆಂದೂ, ಆದರೆ ನನ್ನ ಪ್ರಶ್ನೆ ನಾಯಿಯದ್ದಲ್ಲವೆಂದೂ ಅವರು ಒಮ್ಮೆ ಮಾತ್ರ ಹೇಳಿದರು. ಎರಡನೆಯ ಸಲ ಕೇಳಿದಾಗ ಉತ್ತರಿಸಲಿಲ್ಲ.

ಅಮ್ಮನಿಗೂ ಹಾಗೆಯೇ ಹೇಳಿಕೊಟ್ಟಿದ್ದರು. ಆ ಸಂಜೆ ನಾನು ಕೈ ಚಾಚಿದಾಗ ಅವಳು, “ಇದನ್ನ ಕೇಳ್ತಿರೋದು ನಿನ್ನ ಕಾಯಿಲೆ, ನಾನು ಉತ್ತರ ಕೊಡಲ್ಲಪ್ಪ” ಎಂದು, ಬಹಳ ಹೊತ್ತು ತಲೆ ಎತ್ತದೆ ಸೊಪ್ಪು ಬಿಡಿಸುತ್ತಾ ಕುಳಿತಳು. ಅವಳ ಕೈ ನಡುಗುತ್ತಿದ್ದುದನ್ನು ನೋಡಿದೆ.

ನಾಯಿಯನ್ನು ಹುಡುಕದೆ, ಫೋಟೊ ತೆಗೆಯದೆ ಹಾಲು ತರುವುದು ನನ್ನ ಚಿಕಿತ್ಸೆಯ ಅಭ್ಯಾಸವಾಗಿತ್ತು. ಏಪ್ರಿಲ್‌ನಲ್ಲಿ ಒಂದು ದಿನ, ನೋಡಬಾರದೆಂದಿದ್ದರೂ, ಅದು ಮಲಗುವ ಜಾಗ ಬರಿದಾಗಿರುವುದು ಕಣ್ಣಿಗೆ ಬಿತ್ತು. ಬೂತಿನವನನ್ನು ಕೇಳಲು ಬಾಯಿ ತೆರೆದವನು ಎರಡು ಪೊಟ್ಟಣ ಹಾಲು ಕೊಡಿ ಎಂದಷ್ಟೇ ಕೇಳಿ ಮನೆಗೆ ಬಂದೆ. ಮೊಬೈಲನ್ನು ಬೀರುವಿನಲ್ಲಿಟ್ಟು ಬೀಗದಕೈಯನ್ನು ಅಮ್ಮನಿಗೆ ಕೊಟ್ಟೆ. ಎದೆ ಹೊಡೆದುಕೊಳ್ಳುತ್ತಿತ್ತು, ಒಂದೂವರೆ ಗಂಟೆಯ ಮೇಲೆ ತಾನಾಗಿಯೇ ನಿಧಾನವಾಯಿತು. ಆ ನಾಯಿ ಏನಾಯಿತೆಂದು ನಾನು ಈವರೆಗೆ ಯಾರನ್ನೂ ಕೇಳಿಲ್ಲ.