ವೀಣೆಯ ಊರಿನಿಂದ ಗಿಟಾರ್ ಕೇಳಲು

“ಗಿಟಾರ್ ಕೇಳುವುದಕ್ಕೆ ಬೆಂಗಳೂರಿನವರೆಗೂ ಹೋಗಬೇಕೇ ಅಪ್ಪಾ?” ಮೈಸೂರಿನಲ್ಲಿ ಮಧ್ಯಾಹ್ನದ ರೈಲು ಹತ್ತುವಾಗ ಮಗಳು ಕೇಳಿದಳು. ವೀಣೆ ಶೇಷಣ್ಣನವರ ಊರಿನ ಹುಡುಗಿ, ಆರು ವರ್ಷಗಳಿಂದ ವೀಣೆ ಕಲಿಯುತ್ತಿದ್ದಾಳೆ. ಹೋಗಲೇಬೇಕು ಎಂದೆ. ಶಾಸ್ತ್ರೀಯ ಗಿಟಾರಿನ ನಾದ ಮೊಬೈಲಿನಲ್ಲಿ ಅರ್ಧವೂ ದಕ್ಕುವುದಿಲ್ಲ.

ಬೆಂಗಳೂರಿನಲ್ಲಿ ಇಳಿದು, ನೇರಳೆ ಮಾರ್ಗದ ಮೆಟ್ರೊದಲ್ಲಿ ಇಂದಿರಾನಗರ, ಅಲ್ಲಿಂದ ಆಟೊದಲ್ಲಿ ದೊಮ್ಮಲೂರು. ಸಭಾಂಗಣ ತಲುಪುವಷ್ಟರಲ್ಲಿ ಸಣ್ಣಗೆ ಮಳೆ.

ವೇದಿಕೆಯ ಮೇಲೆ ಒಂದು ಕುರ್ಚಿ, ಎಡಗಾಲಿಡಲು ಪುಟ್ಟ ಮಣೆ. ಮೈಕ್ ಇರಲಿಲ್ಲ. ದಶಕಗಳಿಂದ ದೇಶ ದೇಶ ಸುತ್ತಿದ ಕಲಾವಿದರು ಮೊದಲಿಗೆ ಜರ್ಮನಿಯ ಸಂಯೋಜಕ ಬಾಖ್ ಅವರ ಕೃತಿ ನುಡಿಸಿದರು. ಪಿಟೀಲಿಗೆಂದು ಬರೆದ ‘ಶಕೋನ್’ ಅದು; 1935ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಪೇನಿನ ಗಿಟಾರ್ ವಾದಕ ಆಂದ್ರೆಸ್ ಸೆಗೋವಿಯಾ ಅದನ್ನು ಗಿಟಾರಿನಲ್ಲಿ ನುಡಿಸಿ ತೋರಿಸಿದ್ದರು. ಬೆತೋವನ್ ಆಗಲಿ ಬ್ರಾಮ್ಸ್ ಆಗಲಿ ಒಂಟಿ ಗಿಟಾರಿಗೆ ಏನನ್ನೂ ಬರೆದಿಡಲಿಲ್ಲ. ಹಾಗಾಗಿ ಗಿಟಾರ್ ವಾದಕರು ಪಿಟೀಲಿನಿಂದ, ಲ್ಯೂಟ್ ಎಂಬ ಯುರೋಪಿನ ಹಳೆಯ ತಂತಿವಾದ್ಯದಿಂದ, ಪಿಯಾನೊದಿಂದ ಎರವಲು ತಂದರು. ಬದುಕಿದ್ದ ಸಂಯೋಜಕರ ಬೆನ್ನು ಹತ್ತಿ ಬರೆಸಿಕೊಂಡರು. ಅವರ ಬಹುಮುಖತೆ ಹುಟ್ಟಿದ್ದು ಈ ಕೊರತೆಯಿಂದಲೇ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಇಂಗ್ಲೆಂಡಿನ ವಾದಕ ಜೂಲಿಯನ್ ಬ್ರೀಮ್ ಒಂದೇ ಕಛೇರಿಯಲ್ಲಿ ಲ್ಯೂಟನ್ನೂ ಗಿಟಾರನ್ನೂ ನುಡಿಸುತ್ತಿದ್ದರು. 1963ರಲ್ಲಿ ಸಂಯೋಜಕ ಬೆಂಜಮಿನ್ ಬ್ರಿಟನ್ ‘ನಾಕ್ಟರ್ನಲ್’ ಬರೆದದ್ದು ಅವರಿಗಾಗಿಯೇ.

ಶಕೋನ್ ಮುಗಿದ ಮೇಲೆ ಕಲಾವಿದರು, ಇಳಿಸಿದ್ದ ಆರನೆಯ ತಂತಿಯನ್ನು ನಿಧಾನವಾಗಿ ಏರಿಸಿಕೊಂಡರು. ಶ್ರುತಿ ಕೂಡುವವರೆಗೆ ಸಭೆಯಲ್ಲಿ ಯಾರೂ ಕೆಮ್ಮಲಿಲ್ಲ.

ಆಮೇಲೆ ಸ್ಪೇನಿನ ಸಂಯೋಜಕ ತಾರೆಗಾ ಅವರ ‘ಅಲ್ಹಾಂಬ್ರಾದ ನೆನಪುಗಳು’ ಎಂಬ ಕೃತಿ. ನಾವು ಎರಡನೆಯ ಸಾಲಿನಲ್ಲಿದ್ದೆವು, ಬಲಗೈ ಚೆನ್ನಾಗಿ ಕಾಣುತ್ತಿತ್ತು. ಹೆಬ್ಬೆರಳು ಮಂದ್ರದಲ್ಲಿ ಒಂದು ಸ್ವರ ಮೀಟುತ್ತದೆ; ಬೆನ್ನಲ್ಲೇ ಉಂಗುರಬೆರಳು, ನಡುಬೆರಳು, ತೋರುಬೆರಳು ಮೇಲಿನ ಒಂದೇ ತಂತಿಯನ್ನು ಒಂದಾದ ಮೇಲೊಂದು ತಟ್ಟಿ ಹೋಗುತ್ತವೆ. ಕಣ್ಣು ಮುಚ್ಚಿದರೆ ಇಬ್ಬರು ನುಡಿಸುತ್ತಿದ್ದಾರೆ, ಒಬ್ಬರ ಕೈಯಲ್ಲಿ ಕಮಾನಿದೆ ಅನ್ನಿಸುತ್ತಿತ್ತು. ಕೈ ತಂತಿಗಳನ್ನು ಹೊತ್ತ ಕುದುರೆಯತ್ತ (ಬ್ರಿಡ್ಜ್) ಸರಿದಾಗ ನಾದ ಹಿತ್ತಾಳೆಯಂತೆ ಗಡುಸಾಯಿತು. ಹಿಂದಕ್ಕೆ ಬಂದಾಗ ಬೆಣ್ಣೆಯಾಯಿತು. ಮಗಳು ನನ್ನ ತೋಳು ಹಿಡಿದು, “ಉಗುರು ನೋಡಪ್ಪಾ, ನಮ್ಮ ಮೇಷ್ಟ್ರ ಹಾಗೆಯೇ ಬೆಳೆಸಿದ್ದಾರೆ” ಎಂದು ಪಿಸುಗುಟ್ಟಿದಳು.

ರಾತ್ರಿಯ ರೈಲಿನಲ್ಲಿ ಅವಳ ಬೆರಳುಗಳು ಮೊಣಕಾಲಿನ ಮೇಲೆ ಅದೇ ವರಸೆ ಹಿಡಿದಿದ್ದವು. ವೀಣೆ ಮೀಟುವಾಗ ಕೆಲಸವಿಲ್ಲದೆ ಕೂರುವ ಉಂಗುರಬೆರಳು ಪ್ರತಿ ಸುತ್ತಿನಲ್ಲೂ ಹಿಂದೆ ಬೀಳುತ್ತಿತ್ತು. ಮದ್ದೂರಿನಲ್ಲಿ ವಡೆ ಕೊಡಿಸಿದೆ. ಕಾಗದದ ಪೊಟ್ಟಣವನ್ನು ಎಡಗೈಗೆ ದಾಟಿಸಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದಳು.