ಲಕ್ಕುಂಡಿಗೆ ಹೋಗಿ ನಾಲ್ಕು ಶೀಟ್ ಕಳೆದೆ

ಹೋದ ತಿಂಗಳು ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿ ಮುಂದೆ ನಾಲ್ಕು ಶೀಟ್ ಫಿಲ್ಮ್ ಹಾಳು ಮಾಡಿಕೊಂಡು ಧಾರವಾಡಕ್ಕೆ ವಾಪಸ್ ಬಂದೆ. ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಪಡೆದು, 4×5 ಇಂಚಿನ ಬಿಡಿ ಹಾಳೆ ಫಿಲ್ಮ್ ಹಾಕುವ ಕಟ್ಟಿಗೆ ಕ್ಯಾಮೆರಾ ಹೊತ್ತು ಹೋಗಿದ್ದೆ.

ಕಾಲಬುಡದ ನೆಲದಿಂದ 15 ಮೀಟರ್ ಆಚೆಯ ಗುಡಿಯ ಬುಡದವರೆಗೆ ಎಲ್ಲ ಶಾರ್ಪ್ ಬರಬೇಕಿತ್ತು. ಗುಡಿಗೆ ಫೋಕಸ್ ಮಾಡಿ, 150 ಎಂಎಂ ಲೆನ್ಸನ್ನು 5 ಡಿಗ್ರಿ ಮುಂದಕ್ಕೆ ಬಗ್ಗಿಸಿದೆ. ಹೀಗೆ ಬಗ್ಗಿಸುವುದೇ ಟಿಲ್ಟ್; ಫೋಕಸ್ ನೆಲದ ಉದ್ದಕ್ಕೆ ಮಲಗಲಿ ಅಂತ. ಕ್ಯಾಮೆರಾದ ಹಿಂದೆ ಚಿತ್ರ ಮೂಡುವ ಮಬ್ಬು ಗಾಜಿನ (ಗ್ರೌಂಡ್ ಗ್ಲಾಸ್) ಮೇಲೆ ಗುಡಿಯೇ ಕರಗಿಹೋಯಿತು. ಟಿಲ್ಟ್ ಬದಲಿಸಿದರೆ ನೆಲವೂ ಹೋಯಿತು. ಕರಿ ಬಟ್ಟೆ ಹೊದ್ದು ಅರ್ಧ ತಾಸು ಒದ್ದಾಡಿದೆ. ಕಾವಲುಗಾರ ಬಂದು, “ಒಳಗ ನಿದ್ದಿ ಹತ್ತಿತೇನ್ರೀ ಸರ?” ಎಂದ. ಬಿಸಿಲು ಇಳಿಯುತ್ತಿತ್ತು. ಅಂದಾಜಿನ ಮೇಲೆ ನಾಲ್ಕೂ ಹೊಡೆದೆ.

ಮನೆಯಲ್ಲಿ ಸ್ಕೇಲ್ ಹಿಡಿದು ನೋಡಿದೆ. ನನ್ನ ಕ್ಯಾಮೆರಾದ ಟಿಲ್ಟ್ ಕೀಲು ಇರುವುದು ಲೆನ್ಸಿನ ನಡುವಿಗಿಂತ 8 ಸೆಂಟಿಮೀಟರ್ ಕೆಳಗೆ. ಬಗ್ಗಿಸಿದಾಗ ಲೆನ್ಸ್ ಮುಂದಕ್ಕೂ ಜರುಗುತ್ತದೆ. 5 ಡಿಗ್ರಿಗೆ ಸುಮಾರು 7 ಮಿಲಿಮೀಟರ್. ಅಷ್ಟರಲ್ಲೇನು ಅನಿಸುತ್ತದೆ, ಅಲ್ವಾ? 15 ಮೀಟರಿಗೆ ಇಟ್ಟ ಫೋಕಸ್ 3 ಮೀಟರಿನೊಳಗೆ ಬಂದು ಬೀಳಲು ಅಷ್ಟು ಸಾಕು. ಕೀಲು ಲೆನ್ಸಿನ ನಡುವೆಯೇ ಇರುವ ಕ್ಯಾಮೆರಾಗಳಿಗೆ ಈ ಕಾಟ ಕಡಿಮೆ.

ಈಗ ಬಗ್ಗಿಸಿದ ಮೇಲೆ ಮೊದಲು ದೂರದ್ದನ್ನು ಮತ್ತೆ ಹಿಡಿಯುತ್ತೇನೆ. ಆಮೇಲೆ ಹತ್ತಿರದ್ದು. ಅದಕ್ಕೆ ಬೆಲ್ಲೋಸ್ (ಲೆನ್ಸಿಗೂ ಗಾಜಿಗೂ ನಡುವಿನ ಮಡಿಕೆ ಚೀಲ) ಹಿಗ್ಗಿಸಬೇಕಾಗಿ ಬಂದರೆ ಟಿಲ್ಟ್ ಸಾಲದು, ಕುಗ್ಗಿಸಬೇಕಾಗಿ ಬಂದರೆ ಜಾಸ್ತಿಯಾಗಿದೆ. ಎರಡು ಮೂರು ಸುತ್ತಿಗೆ ಸರಿಹೋಗುತ್ತದೆ.

ಆದರೂ ಒಂದು ಮಾತು ಕೊರೆಯುತ್ತಿತ್ತು. ಗಾಜಿನ ಮೇಲೆ ಚೆನ್ನಾಗಿ ಕಂಡ ಭಾಗವೂ ನೆಗೆಟಿವ್‌ನಲ್ಲಿ ಮಸುಕಾಗಿದ್ದು ಹೇಗೆ? ಗೋಡೆಗೆ ಹಳೆ ಪಂಚಾಂಗದ ಹಾಳೆ ಅಂಟಿಸಿ, ಗಾಜಿನ ಮೇಲೆ ಲೂಪ್ (ಸಣ್ಣ ಭೂತಗನ್ನಡಿ) ಇಟ್ಟು ರಾಹುಕಾಲದ ಸಣ್ಣ ಅಕ್ಷರಕ್ಕೆ ಫೋಕಸ್ ಮಾಡಿದೆ. ಫಿಲ್ಮ್ ಇಡುವ ಹೋಲ್ಡರನ್ನು ಖಾಲಿಯಾಗಿಯೇ ತುರುಕಿ, ತೆಗೆದು, ಮತ್ತೆ ನೋಡಿದೆ. ರಾಹುಕಾಲ ಓದಲು ಬರಲಿಲ್ಲ! ಹಿಂದಿನ ಚೌಕಟ್ಟಿನ ತಿರುಪು ಸಡಿಲ. ಹೋಲ್ಡರ್ ತಳ್ಳಿದಾಗಲೆಲ್ಲ ಚೌಕಟ್ಟು ಒಂದು ಕೂದಲೆಳೆ ಜರುಗುತ್ತಿತ್ತು. ನಾನು ಎರಡು ವಾರ ಸುಮ್ನೆ ಲೆನ್ಸಿಗೆ ಬೈದಿದ್ದೆ. ಸುಭಾಸ ರೋಡಿನಿಂದ ಒಂದು ವಾಷರ್ ತಂದು ಹಾಕಿದೆ.

ಗುಡಿಯ ಶಿಖರ ಮಾತ್ರ ಇನ್ನೂ ತಕರಾರು ಮಾಡುತ್ತದೆ. ಫೋಕಸ್ ನೆಲದ ಉದ್ದಕ್ಕೆ ಮಲಗಿದರೆ ಎತ್ತರದ್ದು ಹೊರಗುಳಿಯುತ್ತದೆ. ಟಿಲ್ಟ್ ಸ್ವಲ್ಪ ಇಳಿಸಿ, ಲೆನ್ಸಿನ ಕಿಂಡಿಯನ್ನು ಎಫ್/22ಕ್ಕೆ ಕಿರಿದು ಮಾಡಬೇಕು. ಬರುವ ರವಿವಾರ ಮತ್ತೆ ಲಕ್ಕುಂಡಿ. ಈ ಸಲ ಎರಡೇ ಶೀಟ್ ಒಯ್ಯುತ್ತೇನೆ.